ಎಳ್ಳಿನ ಹೊಲದ ಬುರುಡೆ ಪತಂಗ

ಮಳೆಗಾಲದ ರಾತ್ರಿ ದೀಪಕ್ಕೆ ಮುತ್ತುವ ಕೀಟಗಳಲ್ಲಿ ಕೆಲವು ಚಿಕ್ಕ ಹಕ್ಕಿಯ ರಭಸದಿಂದ ನುಗ್ಗಿ ಬರುತ್ತವೆ. ದಪ್ಪನಾದ ಮೈ, ಕಿರಿದಾಗಿ ನೀಳವಾದ ರೆಕ್ಕೆ, ಗಿಡುಗನಂತಹ ವೇಗ. ಆದುದರಿಂದಲೇ ಇವಕ್ಕೆ ಗಿಡುಗ ಪತಂಗಗಳೆಂದು ಹೆಸರು. ಇವುಗಳಲ್ಲೊಂದರ ಬೆನ್ನಿನ ಮೇಲೆ ಮನುಷ್ಯನ ತಲೆಬುರುಡೆಯನ್ನು ಹೋಲುವ ಗುರುತಿದೆ. ಬಸವಕಲ್ಯಾಣ, ಹುಮನಾಬಾದುಗಳ ಸುತ್ತಿನಂತೆ ಎಳ್ಳು ಬಿತ್ತುವ ನಾಡುಗಳಲ್ಲಿ ಇದನ್ನು ಸರಿಯಾಗಿ ಗುರುತಿಸುವುದು ಕೇವಲ ಕುತೂಹಲದ ಮಾತಲ್ಲ, ಬೆಳೆಯ ಮಾತು.

ಈ ಗುರುತು ಕಂಡು ಯೂರೋಪಿನ ಜನರು ಬಹುಕಾಲ ಬೆದರಿದರು. ಶಾಸ್ತ್ರಜ್ಞರು ಇಟ್ಟ ಹೆಸರುಗಳಲ್ಲಿಯೂ ಆ ಭಯದ ನೆರಳಿದೆ. ಯೂರೋಪು, ಆಫ್ರಿಕಗಳ ಜಾತಿಗೆ 1758ರಲ್ಲಿ ಲಿನೇಯಸನು ಅಟ್ರೋಪಸ್ ಎಂದು ಹೆಸರಿಟ್ಟನು. ಗ್ರೀಕರ ಪುರಾಣದಲ್ಲಿ ಆಯುಸ್ಸಿನ ನೂಲನ್ನು ಕತ್ತರಿಸುವ ದೇವತೆಯೇ ಆಕೆ. ನಮ್ಮ ದೇಶದಲ್ಲಿರುವ ಜಾತಿಗಳು ಎರಡು: ಸ್ಟಿಕ್ಸ್ ಮತ್ತು ಲ್ಯಾಕೆಸಿಸ್. ಸ್ಟಿಕ್ಸ್ ಎಂಬುದು ಆ ಪುರಾಣದ ಯಮಲೋಕದ ನದಿ.

ಬುರುಡೆಯ ಗುರುತು ಎರಡಕ್ಕೂ ಸಾಮಾನ್ಯವಾದುದರಿಂದ, ಅದನ್ನು ಬಿಟ್ಟು ಹಿಂದಿನ ರೆಕ್ಕೆಗಳನ್ನು ನೋಡಬೇಕು. ಅವು ಹಳದಿಯಾಗಿದ್ದು ಎರಡು ಕಪ್ಪು ಪಟ್ಟೆಗಳಿದ್ದರೆ ಸ್ಟಿಕ್ಸ್; ಬುಡದಲ್ಲಿ ಅಗಲವಾಗಿ ಕಪ್ಪು ಹರಡಿದ್ದು, ದೇಹವೂ ದೊಡ್ಡದಾಗಿ ಕಪ್ಪೇರಿದ್ದರೆ ಲ್ಯಾಕೆಸಿಸ್.

ಈ ಪತಂಗವನ್ನು ಹಿಡಿದರೆ ಇಲಿಯಂತೆ ಕಿರುಗುಟ್ಟುತ್ತದೆ. ಇದು ಪ್ರೇತದ ದನಿಯಲ್ಲ. ಗಂಟಲಿನ ಗೂಡನ್ನು ಹಿಗ್ಗಿಸಿ ಕುಗ್ಗಿಸಿ, ಹಾರ್ಮೋನಿಯಮ್ಮಿನ ತಿದಿಯಂತೆ ಗಾಳಿಯನ್ನು ಎಳೆದು ದೂಡುವುದರಿಂದ ಹುಟ್ಟುವ ಸದ್ದು ಎಂಬುದು 2015ರಲ್ಲಿ ಅಟ್ರೋಪಸ್ ಜಾತಿಯ ಮೇಲೆ ನಡೆದ ಪರೀಕ್ಷೆಗಳಿಂದ ಸ್ಪಷ್ಟವಾಗಿದೆ. ಇದರ ಸೊಂಡಿಲು ಗಿಡ್ಡ, ಆದರೆ ಗಟ್ಟಿ. ರಾತ್ರಿ ಜೇನುಗೂಡನ್ನು ಹೊಕ್ಕು ಮೇಣದ ಮುಚ್ಚಳವನ್ನು ಚುಚ್ಚಿ ಜೇನನ್ನು ಹೀರುತ್ತದೆ. ಅಟ್ರೋಪಸ್ಸಿನ ಮೈಯಲ್ಲಿ ಜೇನುಹುಳುವಿನ ವಾಸನೆಯನ್ನೇ ಹೋಲುವ ಕೊಬ್ಬಿನಾಮ್ಲಗಳಿರುವುದನ್ನು 1991ರಲ್ಲಿ ಕಂಡುಕೊಂಡರು. ಕಳ್ಳನು ಮನೆಯವರ ವೇಷದಲ್ಲಿ ಬರುತ್ತಾನೆ!

ಬೆಳೆಗೆ ಕೇಡು ಮಾಡುವುದು ರೆಕ್ಕೆಯ ಪತಂಗವಲ್ಲ, ಅದರ ಮರಿ. ಹೆಣ್ಣು ಎಲೆಗಳ ಮೇಲೆ ಒಂದೊಂದಾಗಿ ಮೊಟ್ಟೆಯಿಡುತ್ತದೆ. ಹೊರಬಂದ ಹುಳು ಎಲೆಗಳನ್ನು ತಿಂದು ಬೆರಳಿಗಿಂತ ದಪ್ಪವಾಗಿ ಬೆಳೆಯುತ್ತದೆ. ಹಸುರು ಮೈಯಲ್ಲಿ ಓರೆ ಗೆರೆಗಳು, ಬಾಲದ ಕಡೆ ಬಾಗಿದ ಒಂದು ಕೊಂಬು. ಇಷ್ಟು ದೊಡ್ಡದಾದರೂ ಎಲೆಗಳ ನಡುವೆ ಕಣ್ಣಿಗೆ ಸುಲಭವಾಗಿ ಬೀಳದು. ಕೊಂಬನ್ನು ಕಂಡು ಅಂಜಬೇಕಾಗಿಲ್ಲ. ಅದು ಚುಚ್ಚುವುದಿಲ್ಲ, ಅದರಲ್ಲಿ ವಿಷವೂ ಇಲ್ಲ. ಬಲಿತ ಹುಳು ಮಣ್ಣಿಗಿಳಿದು ಕೋಶವಾಗುತ್ತದೆ.

ಈ ಜೀವನಕ್ರಮದಲ್ಲಿಯೇ ಉಪಾಯವೂ ಅಡಗಿದೆ. ಹುಳು ಕೆಲವೇ ಇದ್ದಾಗ ಕೈಯಿಂದ ಆರಿಸಿ ತೆಗೆದರೆ ಸಾಕು. ಕೊಯ್ಲಾದ ಮೇಲೆ ಆಳವಾಗಿ ಉತ್ತರೆ ಕೋಶಗಳು ಮೇಲೆ ಬಂದು ಹಕ್ಕಿಗಳ ಪಾಲಾಗುತ್ತವೆ. ಅಪಶಕುನವೆಂದು ದೀಪದ ಬಳಿಯ ಒಂದು ಪತಂಗವನ್ನು ಹೊಡೆದು ಸಮಾಧಾನಪಟ್ಟರೆ ಹೊಲದ ಹುಳುಗಳು ಮೇಯುತ್ತಲೇ ಇರುತ್ತವೆ. ನಾವು ನೋಡಬೇಕಾದುದು ಬೆನ್ನಿನ ಬುರುಡೆಯನ್ನಲ್ಲ, ಎಳ್ಳಿನ ಎಲೆಯನ್ನು.