ಕೋಲು ಕಲಿತವನು, ಕೋಲು ಕಲಿಸುವವನು

ಮೊರಬದಂತಹ ಎರೆನಾಡಿನ ಊರುಗಳಲ್ಲಿ ಗರಡಿಮನೆಯ ಹೆಸರು ಕೇಳದವರು ವಿರಳ. ಆದರೆ ಕುಸ್ತಿಗೆ ದೊರೆತ ಮನ್ನಣೆಯು ಕೋಲಿನ ವರಸೆಗೆ ದೊರೆಯಲಿಲ್ಲ. ಅಲಾವಿ ಹಬ್ಬದ ಮೆರವಣಿಗೆಯಲ್ಲಿ ಹುಡುಗನೊಬ್ಬನು ಕೋಲನ್ನು ಚಕ್ರಾಕಾರವಾಗಿ ತಿರುಗಿಸಿದರೆ ನಾವು ತಲೆದೂಗುವೆವು. ಅವನಿಗೆ ಕಲಿಸಿದವರಾರೆಂದು ಮಾತ್ರ ಕೇಳುವುದಿಲ್ಲ.

ಶಿಷ್ಯನ ಮೊದಲ ಪಾಠವು ತೂಕದ್ದು. ಬಿದಿರುಕೋಲಿನ ಬುಡ ದಪ್ಪ, ತುದಿ ತೆಳು. ಆದುದರಿಂದ ಅದರ ತೂಕದ ನಡುವು ಅಳತೆಯ ನಡುವಿನಲ್ಲಿರದೆ ಬುಡದತ್ತ ಸರಿದಿರುತ್ತದೆ. ಬೆರಳ ಮೇಲೆ ಅಡ್ಡಲಾಗಿಟ್ಟು ತೂಗಿದರೆ ಆ ಸ್ಥಾನವು ತಾನಾಗಿ ತಿಳಿಯುವುದು. ಅಮೆರಿಕದಲ್ಲಿ ಬ್ಯಾಂಡಿನ ಮುಂದೆ ಹೆಣ್ಣುಮಕ್ಕಳು ತಿರುಗಿಸುವ ಲೋಹದ ಬೆತ್ತಕ್ಕೂ ಇದೇ ನ್ಯಾಯ. ಅದರ ಒಂದು ತುದಿಯ ರಬ್ಬರುಗುಂಡು ಇನ್ನೊಂದಕ್ಕಿಂತ ದೊಡ್ಡದು. ತರುವಾಯ ಭುಜದ ಬಲವನ್ನು ಬಿಟ್ಟು ಮಣಿಕಟ್ಟಿನಿಂದ ತಿರುಗಿಸುವ ಅಭ್ಯಾಸ; ಬಲಗೈಗೆ ಬಂದುದನ್ನು ಎಡಗೈಗೆ ಒಗ್ಗಿಸುವ ಬಹುದಿನದ ಬೇಸರ. ಎರಡೂ ತುದಿಗೆ ಬೆಂಕಿ ಹೊತ್ತಿಸುವ ಬನೇಟಿಯು ಎಷ್ಟೋ ಕಾಲದ ಮೇಲಿನ ಮಾತು.

ಇಷ್ಟೆಲ್ಲ ಬಂದವನು ಕಲಿಸಲು ನಿಂತಾಗ ಪುನಃ ಕಲಿಯಬೇಕಾಗುತ್ತದೆ. ಎದುರುನಿಂತ ಬಾಲಕನಿಗೆ ಗುರುವಿನ ಬಲವು ಎಡವಾಗಿ ತೋರುವುದು. ವೇಗದಲ್ಲಿ ಸುಲಭವಾಗಿದ್ದ ಸುತ್ತು, ತೋರಿಸಲೆಂದು ನಿಧಾನಗೊಳಿಸಿದೊಡನೆ ಕೈಜಾರುವುದು. ಕೈಗೆ ಗೊತ್ತಿದ್ದುದನ್ನು ಬಾಯಿಗೆ ತರುವ ಕಷ್ಟವಂತೂ ಬೇರೆ. ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಮೇಲಾರೆಂದು ವಾದಿಸಿದಾಗ, ಶಿಷ್ಯರ ಪ್ರಯೋಗವನ್ನು ನೋಡಿ ನಿರ್ಣಯಿಸಬೇಕೆಂದಾಯಿತಷ್ಟೆ. ಗರಡಿಯಲ್ಲಿಯೂ ಇದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ನಾವು ಕಾಣೆವು.

ನಮ್ಮ ಜಿಲ್ಲೆಯಲ್ಲಿ ಇದರ ಮರ್ಮವನ್ನು ಅರಿತವರು ಹುಬ್ಬಳ್ಳಿಯ ಡಾಕ್ಟರ್ ನಾರಾಯಣ ಸುಬ್ಬರಾವ ಹರ್ಡೀಕರರು (1889–1975). ಅವರು ಅಮೆರಿಕದಲ್ಲಿ ಓದಿಬಂದ ವೈದ್ಯರು; ಗರಡಿಯ ವಸ್ತಾದರಲ್ಲ. 1923ರ ನಾಗಪುರದ ಝಂಡಾ ಸತ್ಯಾಗ್ರಹದಲ್ಲಿ ಸೆರೆಮನೆ ಸೇರಿದ ಹುಬ್ಬಳ್ಳಿಯ ಸ್ವಯಂಸೇವಕರು ಕ್ಷಮಾಪತ್ರ ಬರೆದುಕೊಡದೆ ನಿಂತರು. ಶಿಸ್ತಿನ ಈ ಫಲವು ದೇಶದ ಕಣ್ಣಿಗೆ ಬಿದ್ದು, ಅದೇ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡದಲ್ಲಿ ಹಿಂದುಸ್ಥಾನೀ ಸೇವಾದಳವು ಹುಟ್ಟಿತು. ಕವಾಯತು, ಲೇಜಿಮು, ಲಾಠಿ ಮುಂತಾದುವು ಅದರ ಶಿಬಿರಗಳ ಪಾಠಗಳು. ಕಲಿತವನು ಹಿಂದಿರುಗಿ ತನ್ನವರಿಗೆ ಕಲಿಸಬೇಕೆಂಬುದೇ ಅಲ್ಲಿಯ ಏರ್ಪಾಡಿನ ಜೀವಾಳ. ಒಬ್ಬನು ಚೆನ್ನಾಗಿ ತಿರುಗಿಸಿದರೆ ಮೆರವಣಿಗೆಗೆ ಶೋಭೆ. ಒಬ್ಬನು ಚೆನ್ನಾಗಿ ಕಲಿಸಿದರೆ ಊರಿಗೊಂದು ದಳ. 1932ರಲ್ಲಿ ಸರ್ಕಾರವು ಸೇವಾದಳವನ್ನು ನಿಷೇಧಿಸಿತು. ಲಾಠಿಯೆಂದರೆ ಪೋಲೀಸರದೆಂದೇ ಜನ ತಿಳಿದಿದ್ದ ಕಾಲವದು!

1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಉಮಾಬಾಯಿ ಕುಂದಾಪುರ ಅವರು ಸ್ವಯಂಸೇವಿಕೆಯರ ಪಡೆಯನ್ನೇ ಕಟ್ಟಿ ನಡೆಸಿದರು. ಗೃಹಿಣಿಯರು ಇದನ್ನು ಮನೆಯ ಹೆಣ್ಣುಮಕ್ಕಳಿಗೆ ಹೇಳುವುದು ಯುಕ್ತ. ಮಣಿಕಟ್ಟಿನ ವಿದ್ಯೆಯು ಭುಜಬಲವನ್ನು ಬೇಡದು. ಆದರೆ ಹಳ್ಳಿಯ ಗರಡಿಮನೆಯೊಳಕ್ಕೆ ಹುಡುಗಿಯರು ಕಾಲಿಡುವ ವಾಡಿಕೆ ಇರಲಿಲ್ಲ. ಅವರಿಗೆ ಕಲಿಸಬಲ್ಲ ಒಬ್ಬ ಅಕ್ಕ ಊರಲ್ಲಿ ಸಿದ್ಧಳಾಗಬೇಕಾದರೆ, ಈಗಿರುವ ವೃದ್ಧ ವಸ್ತಾದರಲ್ಲೊಬ್ಬರು ತಮ್ಮ ಮನೆಯಂಗಳದಲ್ಲಿ ಮೊಮ್ಮಗಳ ಕೈಗೆ ಮೊದಲ ಕೋಲನ್ನು ಕೊಡಬೇಕು. ಅದೂ ಅವರ ಕೈ ನಡುಗತೊಡಗುವ ಮುನ್ನ.