ಮೊದಲು ಹೆಸರು ಹೇಳಿ, ಆಮೇಲೆ ಲೆಕ್ಕ ಮಾಡಿ

ಮೆಹದಿಪಟ್ಟಣಂನಲ್ಲಿ ನಾನು ಇಂಜಿನಿಯರಿಂಗ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ತೆಲುಗರು, ಉರ್ದು ಮಾತಾಡುವವರು, ಬೀದರ್–ಕಲಬುರಗಿ ಕಡೆಯ ನಮ್ಮವರು, ಎಲ್ಲರೂ ಬರುತ್ತಾರೆ. ಯಾರ ಮನೆಮಾತು ಯಾವುದೇ ಇರಲಿ, ಕಂಪ್ಯೂಟರ್ ಕೊಡುವ ಒಂದು ಸೊನ್ನೆ ಎಲ್ಲರನ್ನೂ ಕಾಡುತ್ತದೆ.

ಎಕ್ಸ್ ವರ್ಗವನ್ನು ಎಕ್ಸ್‌ನಿಂದ ಡಿಫರೆನ್ಶಿಯೇಟ್ ಮಾಡಿದರೆ 2ಎಕ್ಸ್ ಬರಬೇಕು. ಮ್ಯಾಕ್ಸಿಮಾ ತಂತ್ರಾಂಶದಲ್ಲಿ ಕೈತಪ್ಪಿ ಪಕ್ಕದ ಝಡ್ ಕೀಲಿ ಒತ್ತಿದರೆ, ಅದು ಝಡ್ ಅನ್ನು ಇನ್ನೊಂದು ಚರಾಕ್ಷರ ಎಂದುಕೊಂಡು ತಣ್ಣಗೆ 0 ಎನ್ನುತ್ತದೆ. ಅದರ ಲೆಕ್ಕ ಸರಿಯೇ, ಪ್ರಶ್ನೆಯೇ ಬದಲಾಗಿದೆ. ಸೇಜ್‌ಮ್ಯಾತ್ ಹಾಗಲ್ಲ. ಅಲ್ಲಿ ಎಕ್ಸ್ ಒಂದನ್ನು ಬಿಟ್ಟು ಉಳಿದ ಚರಾಕ್ಷರಗಳನ್ನು ಮೊದಲೇ ಘೋಷಿಸಬೇಕು. ಘೋಷಿಸದ ಝಡ್ ಕಂಡರೆ ‘ಈ ಹೆಸರು ಗೊತ್ತಿಲ್ಲ’ ಎಂದು ನಿಂತುಬಿಡುತ್ತದೆ.

‘ಇದೆಂಥ ಕಿರಿಕಿರಿ ಸಾರ್’ ಎನ್ನುತ್ತಾರೆ ಮಕ್ಕಳು. ಆದರೆ ಈ ಶಿಸ್ತು ಕಂಪ್ಯೂಟರಿನದಲ್ಲ, ಗಣಿತದ್ದೇ. 12ನೇ ಶತಮಾನದ ಭಾಸ್ಕರಾಚಾರ್ಯರ ‘ಬೀಜಗಣಿತ’ದಲ್ಲಿ ಮೊದಲ ಅವ್ಯಕ್ತ ಸಂಖ್ಯೆಗೆ ಯಾವತ್ತಾವತ್ ಎಂದು ಹೆಸರು, ಮುಂದಿನವಕ್ಕೆ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರು. ಶಾಲೆಯಲ್ಲಿ ನಾವೂ ‘ಪೆನ್ನಿನ ಬೆಲೆ ಎಕ್ಸ್ ಆಗಿರಲಿ’ ಎಂದೇ ಲೆಕ್ಕ ಶುರುಮಾಡಿದ್ದು.

ಹಾಗೆಂದು ಎಲ್ಲ ಕಡೆ ಕಡ್ಡಾಯ ಮಾಡಿ ಎನ್ನುವುದಿಲ್ಲ. ಎರಡು ಸಾಲಿನ ಪ್ರಯೋಗಕ್ಕೆ ಘೋಷಣೆ ಹೊರೆಯೇ. ಆದರೆ ಐವತ್ತು ಸಾಲಿನ ಲೆಕ್ಕದ ನಡುವೆ ಅಂಥ ಸೊನ್ನೆಯೊಂದು ಸೇರಿಕೊಂಡರೆ ಹುಡುಕುವವರು ಯಾರು? ನಾಳೆ ಸೇತುವೆ, ಕಟ್ಟಡಗಳ ಲೆಕ್ಕ ಹಾಕಬೇಕಾದವರು ಇವರೇ. ಸುಮ್ಮನೆ ತಲೆಯಾಡಿಸುವ ತಂತ್ರಾಂಶಕ್ಕಿಂತ ‘ಯಾರಿದು?’ ಎಂದು ಗದರುವ ತಂತ್ರಾಂಶವೇ ಅವರಿಗೆ ಒಳ್ಳೆಯ ಮೇಷ್ಟ್ರು.