ಆಟ ನಮ್ಮದು, ನಿಯಮ ಅವರದು

ಬಹುಮಾನವೆಂಬ ಮಾತಿಗೆ ಮನಸೋಲದ ಗೃಹಸ್ಥರು ವಿರಳ. ಸಾಬೂನಿನ ಹೊದಿಕೆ, ಚಹಪುಡಿಯ ಚೀಟಿ, ಪಾನೀಯದ ಮುಚ್ಚಳಗಳನ್ನು ಕೂಡಿಟ್ಟು ಅಂಚೆಗೆ ಹಾಕುವ ಉತ್ಸಾಹ ಹಿಂದಿನ ತಲೆಮಾರಿನದಾಗಿತ್ತು. ಮೊಬೈಲಿನಲ್ಲಿ ಚಕ್ರ ತಿರುಗಿಸಿ, ಸ್ಕ್ರ್ಯಾಚ್ ಕಾರ್ಡ್ ಉಜ್ಜಿ ನೋಡುವ ಉತ್ಸಾಹ ಇಂದಿನದು. ಆಟದ ರೂಪ ಬದಲಾಗಿದೆ. ಆಡಿದವರ ಗೊಣಗಾಟ ಹಾಗೆಯೇ ಉಳಿದಿದೆ. ಹತ್ತು ಚಿತ್ರಗಳನ್ನು ಕೂಡಿಸಿದವರಿಗೆ ಬಹುಮಾನವಂತೆ. ಒಂಬತ್ತು ಚಿತ್ರಗಳು ಒಂದೇ ದಿನದಲ್ಲಿ ದೊರೆಯುತ್ತವೆ. ಹತ್ತನೆಯದು ತಿಂಗಳಾದರೂ ಬಾರದು. ನಡುವೆ ನಿಯಮ ಬದಲಾಗುತ್ತದೆ, ಕೊನೆಯ ದಿನ ಯಂತ್ರ ಕೆಡುತ್ತದೆ, ಗೆದ್ದವರು ಯಾರೆಂದು ಕೇಳಿದರೆ ಉತ್ತರಿಸುವವರಿಲ್ಲ.

ಹೊಳೆಯಾಚೆಯ ಪತ್ರಿಕೆ

ಈ ಅಸಮಾಧಾನಕ್ಕೆ ನಮ್ಮ ನಾಡಿನಲ್ಲಿ ಎಪ್ಪತ್ತು ವರ್ಷಗಳ ಇತಿಹಾಸವುಂಟು. ಮೇಡ್ಲೇರಿ ಇಂದು ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲೂಕಿನ ಗ್ರಾಮ. 1956ರ ನವೆಂಬರ್ 1ಕ್ಕೆ ಮೊದಲು ಆ ಸೀಮೆಯೆಲ್ಲ ಧಾರವಾಡ ಜಿಲ್ಲೆಯೊಳಗಿದ್ದು ಮುಂಬಯಿ ರಾಜ್ಯಕ್ಕೆ ಸೇರಿತ್ತು. ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿದರೆ ಮೈಸೂರು ರಾಜ್ಯ. ಅಲ್ಲಿಯ ಕಾನೂನು ಬೇರೆ, ಇಲ್ಲಿಯದು ಬೇರೆ.

ಆ ಕಾಲದಲ್ಲಿ ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆ, ಆರ್.ಎಂ.ಡಿ.ಸಿ. ಪದಬಂಧವೆಂಬ ಬಹುಮಾನ ಸ್ಪರ್ಧೆಯನ್ನು ನಡೆಸುತ್ತಿತ್ತು. ಅದರ ಪ್ರತಿಗಳು ಮುಂಬಯಿ ರಾಜ್ಯದಲ್ಲಿಯೂ ಹೇರಳವಾಗಿ ಪ್ರಸಾರವಾಗುತ್ತಿದ್ದುವು. ಪದಬಂಧವೆಂದೊಡನೆ ಬುದ್ಧಿಯ ಪರೀಕ್ಷೆಯೆಂದು ತೋರುವುದು ಸಹಜ. ಆದರೆ ಒಂದು ಸುಳುಹಿಗೆ ಎರಡು ಪದಗಳು ಸಮನಾಗಿ ಒಪ್ಪುವಾಗ, ನಡೆಸುವವರು ಯಾವುದನ್ನು ಸರಿಯೆನ್ನುವರೋ ಅದೇ ಸರಿ. ನಿಘಂಟನ್ನು ಅರೆದು ಕುಡಿದವನಿಗೂ ಅಲ್ಲಿ ಊಹೆಯೇ ಗತಿ.

ಮುಂಬಯಿ ಸರಕಾರ ತನ್ನ 1948ರ ಲಾಟರಿ ಮತ್ತು ಬಹುಮಾನ ಸ್ಪರ್ಧೆಗಳ ಕಾಯ್ದೆಯನ್ನು 1952ರಲ್ಲಿ ತಿದ್ದಿ, ಹೊರಗೆ ಅಚ್ಚಾಗಿ ಒಳಗೆ ಬರುವ ಪತ್ರಿಕೆಗಳ ಸ್ಪರ್ಧೆಗಳಿಗೂ ಅದನ್ನು ಅನ್ವಯಿಸಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1957ರ ಏಪ್ರಿಲ್ 9ರಂದು ಮುಖ್ಯ ನ್ಯಾಯಾಧೀಶ ಎಸ್. ಆರ್. ದಾಸ್ ಅವರ ಪೀಠ, ಇಂಥ ಸ್ಪರ್ಧೆ ಜೂಜಿನ ಸ್ವರೂಪದ್ದು, ಜೂಜಿಗೆ ವ್ಯಾಪಾರದ ಸ್ವಾತಂತ್ರ್ಯದ ರಕ್ಷಣೆಯಿಲ್ಲ ಎಂದು ತೀರ್ಪಿತ್ತಿತು. ಅಷ್ಟರಲ್ಲಿ ರಾಣೆಬೆನ್ನೂರು ಮೈಸೂರು ರಾಜ್ಯಕ್ಕೇ ಬಂದು ಸೇರಿತ್ತು! ಮುಂಬಯಿ ಮೊದಲಾದ ರಾಜ್ಯಗಳ ಅಪೇಕ್ಷೆಯಂತೆ ಸಂಸತ್ತು 1955ರಲ್ಲಿ ಮಾಡಿದ ಬಹುಮಾನ ಸ್ಪರ್ಧೆಗಳ ಕಾಯ್ದೆ ಇನ್ನೂ ಬಿಗಿಯಾಗಿತ್ತು: ತಿಂಗಳ ಬಹುಮಾನ 1,000 ರೂಪಾಯಿ ಮೀರಕೂಡದು, ಪ್ರವೇಶಪತ್ರಗಳು 2,000 ದಾಟಕೂಡದು.

349ರ ಕಥೆ

ಮೋಸದ ಉದ್ದೇಶವಿಲ್ಲದೆಯೂ ಅವ್ಯವಸ್ಥೆಯೊಂದೇ ಎಂಥ ಅನರ್ಥ ತರಬಲ್ಲದೆಂಬುದಕ್ಕೆ ಫಿಲಿಪ್ಪೀನ್ಸ್ ಸಾಕ್ಷಿ. ಪೆಪ್ಸಿ ಪಾನೀಯದ ಮುಚ್ಚಳದೊಳಗೆ ಸಂಖ್ಯೆ ಮುದ್ರಿಸುವ ಸ್ಪರ್ಧೆಯಲ್ಲಿ 1992ರ ಮೇ 25ರಂದು 349 ಗೆದ್ದಿತೆಂದು ಸಾರಲಾಯಿತು; ಅತಿ ದೊಡ್ಡ ಬಹುಮಾನ ಹತ್ತು ಲಕ್ಷ ಪೆಸೊ. ಆದರೆ ಆ ಸಂಖ್ಯೆಯ ಮುಚ್ಚಳಗಳು ಒಂದೆರಡಲ್ಲ, ಲಕ್ಷಗಟ್ಟಲೆ ಜನರ ಕೈಯಲ್ಲಿದ್ದುವು. ಭದ್ರತಾ ಸಂಕೇತ ಹೊಂದುವುದಿಲ್ಲವೆಂದು ಕಂಪನಿ ಹೇಳಿ, ತಲೆಗೆ 500 ಪೆಸೊ ಕೊಡಲು ಮುಂದಾಯಿತು. ಸಾಲ ತೀರೀತು, ಮನೆ ಎದ್ದೀತು ಎಂದು ಒಂದು ರಾತ್ರಿ ಕನಸು ಕಂಡ ಬಡವರಿಗೆ ಅದು ಗಾಯದ ಮೇಲಿನ ಉಪ್ಪಾಯಿತು. ಲಾರಿಗಳು ಸುಟ್ಟುವು, ಪ್ರಾಣಗಳೂ ಹೋದುವು. ಕಂಪನಿ ಹೊಣೆಯಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟು ಹೇಳಿದ್ದು 2006ರಲ್ಲಿ. ಹದಿನಾಲ್ಕು ವರ್ಷ ಒಂದು ಮುಚ್ಚಳಕ್ಕಾಗಿ!

ನಮ್ಮ ಕೈಯಲ್ಲಿರುವುದು

ನಮ್ಮ ದೇಶದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಈ ವಿಷಯದಲ್ಲಿ ಮೌನವಾಗಿಲ್ಲ. ಕೊಡುವುದಿಲ್ಲವೆಂಬ ಉದ್ದೇಶದಿಂದಲೇ ಬಹುಮಾನ ಸಾರುವುದು, ಉಚಿತವೆಂದು ಹೇಳಿ ಅದರ ಬೆಲೆಯನ್ನು ಸರಕಿನಲ್ಲಿ ಅಡಗಿಸುವುದು, ಯೋಜನೆ ಮುಗಿದ ಮೇಲೆ ಫಲಿತಾಂಶವನ್ನು ಭಾಗವಹಿಸಿದವರಿಂದ ಮರೆಮಾಡುವುದು—ಇವೆಲ್ಲ ಅನುಚಿತ ವ್ಯಾಪಾರ ಪದ್ಧತಿಗಳು. ಯೋಜನೆಯನ್ನು ಜಾಹೀರು ಮಾಡಿದ ಪತ್ರಿಕೆಯಲ್ಲಿಯೇ ಯುಕ್ತ ಕಾಲದೊಳಗೆ ಫಲಿತಾಂಶವನ್ನು ಎದ್ದುಕಾಣುವಂತೆ ಪ್ರಕಟಿಸಿದರೆ ತಿಳಿಸಿದಂತೆ ಎಂದೂ ಕಾಯ್ದೆ ಹೇಳುತ್ತದೆ. ದೂರು ಕೊಡಲು ಕಂಪನಿಯ ಊರಿಗೆ ಅಲೆಯಬೇಕಾಗಿಲ್ಲ. ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರುದಾರ ಅರ್ಜಿ ಹಾಕಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳ ಮಾತೇ ಬೇರೆ. ಅವನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು.

ಆಡುವವರು ಮೊದಲು ಮಾಡಬೇಕಾದುದು ಇಷ್ಟೆ. ಆಟದ ನಿಯಮಗಳನ್ನು, ಮುಕ್ತಾಯದ ದಿನಾಂಕವನ್ನು, ತಮಗೆ ದೊರೆತ ಅಂಕಗಳನ್ನು ಅಂದಂದೇ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಸರಕಿನ ರಸೀದಿಯನ್ನು ಕಾಪಾಡಬೇಕು. ಬಹುಮಾನ ಬಂದಿದೆ, ತೆರಿಗೆಗಾಗಿ ಮೊದಲು ಹಣ ಕಳುಹಿಸಿರಿ ಎಂದವರಿಗೆ ಬಿಡಿಕಾಸೂ ಕೊಡಕೂಡದು. ಅದು ಆಟವಲ್ಲ, ಶುದ್ಧ ವಂಚನೆ. ಸಿಕ್ಕಿಬಿದ್ದವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ನೂರು ರೂಪಾಯಿಯ ಬಹುಮಾನ ಕೈತಪ್ಪಿದರೆ ಸಂಸಾರ ಮುಳುಗುವುದಿಲ್ಲ, ನಿಜ. ಆದರೆ ಮಗುವೊಂದು ತಿಂಗಳುಗಟ್ಟಲೆ ಚಿತ್ರ ಕೂಡಿಸಿ ಕಾದಿರುವಾಗ, ಕೊಟ್ಟ ಮಾತಿಗೆ ಬೆಲೆಯಿಲ್ಲವೆಂಬ ಪಾಠವನ್ನು ಅದಕ್ಕೆ ಕಲಿಸುವುದು ಅಗ್ಗದ ಜಾಹೀರಾತಲ್ಲ. ಅಂಗಡಿಯವನ ತಕ್ಕಡಿಯನ್ನು ಪರೀಕ್ಷಿಸುವ ಗೃಹಿಣಿಗೆ, ಅವನ ಆಟದ ಲೆಕ್ಕವನ್ನು ಕೇಳುವ ಅಧಿಕಾರವೂ ಉಂಟು.